ಮಾಳಿಗೆ ಮೇಲೆ ಕೂತ ಇನ್ನೊಬ್ಬ ಮಹಾಂತಯ್ಯ

ಹುಬ್ಬಳ್ಳಿಯ ಕೇಶ್ವಾಪುರದ ಮಹಾಂತಯ್ಯನವರು ಬದುಕಿನಲ್ಲಿ ಹೇಳಿದ ಸುಳ್ಳುಗಳು ಬಹಳವಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ಕಚೇರಿಯಲ್ಲಿ, ಒಂದೇ ಮೇಜಿನ ಮುಂದೆ, ಬಂದ ಕಾಗದಕ್ಕೆ ಬಂದ ತಾರೀಖನ್ನೂ ಹೋದ ಕಾಗದಕ್ಕೆ ಹೋದ ತಾರೀಖನ್ನೂ ಒತ್ತುತ್ತ ಕೂತವರಿಗೆ ಸುಳ್ಳಿನ ಅಗತ್ಯ ಬೀಳುವುದು ಕಡಿಮೆ. ಹಾಗಾಗಿ ಅಭ್ಯಾಸವೂ ಇರಲಿಲ್ಲ. ಅಭ್ಯಾಸವಿಲ್ಲದವರು ಸುಳ್ಳು ಹೇಳಬಾರದು. ಹೇಳಿದರೂ ಬೀಗರ ಮುಂದೆ ಹೇಳಬಾರದು. ಬೀಗರ ಮುಂದೆ ಹೇಳಿದರೂ ಅವರು ಬಂದು ನೋಡಬಹುದಾದ ವಸ್ತುವಿನ ಬಗ್ಗೆ ಹೇಳಬಾರದು. ಮಹಾಂತಯ್ಯನವರು ಈ ಮೂರನ್ನೂ ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದರು.

ಆದದ್ದು ಇಷ್ಟು. ಮಗಳು ಶಾಂಭವಿಯನ್ನು ಕೊಟ್ಟದ್ದು ಧಾರವಾಡಕ್ಕೆ. ಬೀಗರಾದ ಶಿವಯೋಗೀಶರು ಹತ್ತಿಯ ವ್ಯಾಪಾರಿ, ತೂಕದ ಮನುಷ್ಯ, ಮಾತು ಬಹಳ ಕಡಿಮೆ. ಅವರ ಹಿತ್ತಲಲ್ಲಿ ಪೇರಲ, ಚಿಕ್ಕು, ಸೀತಾಫಲ ಎಲ್ಲವೂ ಉಂಟು. ಮಹಾಂತಯ್ಯನವರು ಹೋದಾಗಲೆಲ್ಲ "ನಮ್ಮ ಹಿತ್ತಲದಾವು" ಎಂದು ಒಂದು ಕೈಚೀಲ ತುಂಬಿ ಕೊಟ್ಟು ಕಳಿಸುವರು. ಐದು ಸಲ ಮಹಾಂತಯ್ಯನವರು ಆ ಚೀಲವನ್ನು ತಲೆ ತಗ್ಗಿಸಿಕೊಂಡು ತಂದರು. ಆರನೆಯ ಸಲ ಬಸ್ಸು ಹತ್ತುವ ಮೊದಲು ಮಾರ್ಕೆಟಿಗೆ ಹೋಗಿ ಒಂದು ಡಜನ್ ದಾಳಿಂಬೆ ಕೊಂಡರು. ಬೀಗರ ಪಡಸಾಲೆಯಲ್ಲಿ ಚೀಲ ಇಟ್ಟಾಗ ಬಾಯಿ ತಾನಾಗಿಯೇ ಆಡಿತು: "ನಮ್ಮ ಮಾಳಿಗಿ ಮ್ಯಾಲಿನಾವ್ರಿ."

ಇದನ್ನು ಪೂರ್ತಿ ಸುಳ್ಳೆನ್ನಲೂ ಬಾರದು. ಮಾಳಿಗೆ ಇತ್ತು. ಮಾಳಿಗೆಯ ಮೇಲೆ ನೀಲಿ ಡ್ರಮ್ಮಿನಲ್ಲಿ ದಾಳಿಂಬೆ ಗಿಡವೂ ಇತ್ತು. ಅದರಲ್ಲಿ ನಿಂಬೆಕಾಯಿಗಿಂತ ಸ್ವಲ್ಪ ದೊಡ್ಡವಾದ ಒಂಬತ್ತು ಕಾಯಿಗಳೂ ಇದ್ದವು. ಮುಂದೆ ಆಗಲಿರುವ ಸತ್ಯವನ್ನು ತಾವು ಒಂದೆರಡು ತಿಂಗಳು ಮೊದಲೇ ಹೇಳಿದಂತಾಯಿತು, ಅಷ್ಟೇ ಎಂದು ಅವರು ಸಮಾಧಾನ ಮಾಡಿಕೊಂಡರು.

ಆದರೆ ಅಲ್ಲಿ ಶಾಂಭವಿ ಆ ಹನ್ನೆರಡು ಹಣ್ಣುಗಳನ್ನು ಬಿಡಿಸಿ, ಬೆಳ್ಳಿಯ ಬಟ್ಟಲಲ್ಲಿ ಹಾಕಿ, ಅತ್ತೆಯ ಮುಂದೆ, ನಾದಿನಿಯರ ಮುಂದೆ, ಬಂದುಹೋದವರ ಮುಂದೆಲ್ಲ ಹಿಡಿದು "ನಮ್ಮಪ್ಪ ಬೆಳದದ್ದು" ಎಂದು ಹಂಚಿದ್ದಳು. ಅವಳ ಆ ಮುಖವನ್ನು ನೋಡಿದ ಮೇಲೆ ನಿಜ ಹೇಳುವ ದಾರಿ ಮಹಾಂತಯ್ಯನವರಿಗೆ ಮುಚ್ಚಿಹೋಯಿತು.

ಮುಂದಿನ ತಿಂಗಳ ಒಂದು ಗುರುವಾರ ಶಿವಯೋಗೀಶರ ಫೋನು ಬಂತು.

"ಬೀಗರ, ರವಿವಾರ ಹುಬ್ಬಳ್ಳಿಗೆ ಬರಾಕತ್ತೇನಿ. ನಿಮ್ಮ ದಾಳಿಂಬ್ರಿ ಗಿಡಾ ನೋಡಬೇಕು. ಗಿಡದಾಗಿಂದು ಒಂದು ಹಣ್ಣು ಕೈಯಾರ ಹರಕೊಂಡು ತಿನ್ನಬೇಕು."

"ಬರ್ರಿ ಬರ್ರಿ," ಎಂದ ಮಹಾಂತಯ್ಯನವರು ಫೋನು ಇಟ್ಟವರೇ ಮಾಳಿಗೆ ಹತ್ತಿದರು. ಒಂಬತ್ತು ಕಾಯಿಗಳಲ್ಲಿ ಎಂಟು ನೆಲದ ಮೇಲಿದ್ದವು. ಪ್ರತಿಯೊಂದಕ್ಕೂ ಒಂದೇ ಒಂದು ಕಡಿತ. ತಿಂದದ್ದೂ ಅಲ್ಲ, ಬಿಟ್ಟದ್ದೂ ಅಲ್ಲ. ಡ್ರಮ್ಮಿನ ಅಂಚಿನ ಮೇಲೆ ಒಂದು ಅಳಿಲು ಕೂತು ಮುಂಗೈಗಳಿಂದ ಬಾಯಿ ಒರೆಸಿಕೊಳ್ಳುತ್ತಿತ್ತು. ಹೊಟ್ಟೆಗಾಗಿ ತಿಂದರೆ ಕ್ಷಮಿಸಬಹುದು, ಹೀಗೆ ಒಂದೊಂದನ್ನೂ ಕಚ್ಚಿ ಬಿಸಾಡುವುದು ಶುದ್ಧ ದ್ವೇಷ ಎಂದು ಮಹಾಂತಯ್ಯನವರು ತೀರ್ಮಾನಿಸಿದರು. ಉಳಿದ ಒಂದೇ ಕಾಯಿಗೆ ಹೆಂಡತಿಯ ಹಳೆಯ ಕುಬಸದ ತುಂಡು ಸುತ್ತಿ ಕಟ್ಟಿದರು. ರವಿವಾರದವರೆಗೆ ಈ ಒಂದು ಉಳಿದರೆ ಮಾನ ಉಳಿದಂತೆ. ಇಲ್ಲವಾದರೆ ಬೀಗರು ಏನೂ ಅನ್ನುವುದಿಲ್ಲ, ಸುಮ್ಮನೆ ಡ್ರಮ್ಮನ್ನೊಮ್ಮೆ ನೋಡಿ ಹೋಗುತ್ತಾರೆ. ಆಮೇಲೆ ಆ ಮನೆಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಬೇಕಾದವಳು ಶಾಂಭವಿ.

ಶುಕ್ರವಾರವೆಲ್ಲ ಯುದ್ಧ ನಡೆಯಿತು. ಡ್ರಮ್ಮಿನ ಸುತ್ತ ಖಾರದ ಪುಡಿ ಚೆಲ್ಲಿದರು. ಮನೆಯಲ್ಲಿದ್ದದ್ದು ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಅದಕ್ಕೆ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಅಳಿಲು ಮೂತಿ ಕೆಂಪಗೆ ಮಾಡಿಕೊಂಡು, ಮದುವೆ ಮನೆಯಿಂದ ಹೊರಟಂತೆ ಹೋಯಿತು. ಬೆಳ್ಳುಳ್ಳಿ ಜಜ್ಜಿ ತೂಗುಹಾಕಿದರು. ಅದನ್ನು ಹೆಂಡತಿ ಮುರಿಗೆವ್ವ ಕಂಡು, ಬೆಳ್ಳುಳ್ಳಿಯ ಬೆಲೆ ಗೊತ್ತೇನ್ರಿ ನಿಮಗೆ ಎಂದು ಇಳಿಸಿಕೊಂಡು ಹೋಗಿ ಒಗ್ಗರಣೆಗೆ ಹಾಕಿದಳು. ಸಂಜೆಯ ಹೊತ್ತಿಗೆ ಕುಬಸದ ಗಂಟು ಅರ್ಧ ಬಿಚ್ಚಿತ್ತು.

ಶನಿವಾರ ಬೆಳಿಗ್ಗೆ ಮುರಿಗೆವ್ವ ವರ್ಷದ ಖಾರ ಕುಟ್ಟಿಸಲು ಓಣಿಯ ತುದಿಯ ಗಿರಣಿಗೆ ಹೋದಳು. ಮಹಾಂತಯ್ಯನವರು ಗೋಕುಲ ರಸ್ತೆಗೆ ಹೋಗಿ ಕಬ್ಬಿಣದ ಜಾಳಿಗೆ ತಂದು ಗಿಡಕ್ಕೆ ಪಂಜರ ಕಟ್ಟುವುದೆಂದು ನಿಶ್ಚಯಿಸಿದರು. ಆದರೆ ತಾವು ಬರುವವರೆಗೆ ಕಾಯಿಯನ್ನು ಕಾಯುವವರಾರು? ಅದಕ್ಕಾಗಿ ಅವರು ತಮ್ಮದೇ ಒಂದು ಬೊಂಬೆಯನ್ನು ಮಾಡಿದರು.

ಈ ಬೊಂಬೆಯಲ್ಲಿ ಅವರು ಇಟ್ಟ ಒಂದೊಂದು ಹೆಜ್ಜೆಗೂ ಕಾರಣವಿತ್ತು, ಅದನ್ನು ಓದುಗರು ಗಮನಿಸಬೇಕು. ಹಳೆಯ ಗಾದಿಯ ಹತ್ತಿಯನ್ನು ತಮ್ಮ ಬಿಳಿ ಅಂಗಿ, ಧೋತರಗಳಲ್ಲಿ ತುಂಬಿದರು. ತಲೆಗೆ ದಿಂಬಿನ ಚೀಲ, ಅದರ ಮೇಲೆ ತಮ್ಮ ಬಿಳಿ ಟೊಪ್ಪಿಗೆ. ಬೊಂಬೆ ನಿಲ್ಲಲೊಲ್ಲದು, ಆದ್ದರಿಂದ ಕುರ್ಚಿಯ ಮೇಲೆ ಕೂರಿಸಿ ನೀರಿನ ಟಾಕಿಯ ಗೋಡೆಗೆ ಒರಗಿಸಿದರು. ತಲೆ ವಾಲುತ್ತಿತ್ತು, ಆದ್ದರಿಂದ ಗಲ್ಲದ ಕೆಳಗಿಂದ ಬಿಳಿ ಬಟ್ಟೆ ಹಾಯಿಸಿ ಹಿಂದಿನ ಮೊಳೆಗೆ ಕಟ್ಟಿದರು. ಅಳಿಲು ಅವರನ್ನು ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ನೋಡಿದ್ದೇ ಹೊರತು ಬೋಳು ಹಣೆಯಲ್ಲಿ ಎಂದೂ ನೋಡಿರಲಿಲ್ಲ, ಗುರುತು ಹತ್ತಬೇಕಲ್ಲ! ಆದ್ದರಿಂದ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದರು. ಚೆಂಡುಹೂವಿನ ವಾಸನೆಗೆ ಅಳಿಲು ಬರುವುದಿಲ್ಲವೆಂದು ಯಾರೋ ಹೇಳಿದ್ದರು, ಆದ್ದರಿಂದ ಕೊರಳಿಗೆ ದಪ್ಪನೆಯ ಚೆಂಡುಹೂವಿನ ಹಾರ. ಕೊನೆಗೆ ತಮ್ಮ ಮೊಬೈಲನ್ನು ಅಂಗಿಯ ಜೇಬಿನಲ್ಲಿಟ್ಟರು. ಮುರಿಗೆವ್ವ ತಾಸಿಗೊಮ್ಮೆ "ಎಲ್ಲಿದ್ದೀರಿ" ಎಂದು ಫೋನು ಮಾಡುತ್ತಾಳೆ, ಅದು ಬಾರಿಸಿದಾಗಲೆಲ್ಲ ಅಳಿಲು ಬೆಚ್ಚಿ ಓಡುತ್ತದೆ.

ಎಲ್ಲ ಮುಗಿಸಿ, ಗೇಟಿಗೆ ಕೀಲಿ ಹಾಕಿ, ಧೂಳಿಗೆಂದು ಮುಖಕ್ಕೆ ಟವೆಲು ಸುತ್ತಿಕೊಂಡು ಅವರು ಹೊರಟರು. ಹುಬ್ಬಳ್ಳಿಯ ಧೂಳನ್ನು ಬಲ್ಲವರಿಗೆ ಟವೆಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಲಿಂಗಾಯತರ ರೂಢಿಯನ್ನು ಒಂದು ಮಾತಿನಲ್ಲಿ ಹೇಳಬೇಕು. ಅವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ತಲೆ ವಾಲದಂತೆ ಬಟ್ಟೆ ಕಟ್ಟುತ್ತಾರೆ, ವಿಭೂತಿ ಹಚ್ಚಿ ಹೂವಿನ ಹಾರ ಹಾಕುತ್ತಾರೆ, ಹಾಗೆಯೇ ಹೂವು ಕಟ್ಟಿದ ವಿಮಾನದಲ್ಲಿ ಕೂರಿಸಿಕೊಂಡು ಒಯ್ಯುತ್ತಾರೆ. ಮಹಾಂತಯ್ಯನವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆ ಹೊತ್ತಿಗೆ ಅವರ ತಲೆಯಲ್ಲಿ ಅಳಿಲು ಬಿಟ್ಟರೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಮುಂದಿನದೆಲ್ಲ ಅವರಿಗೆ ಆಮೇಲೆ ಬಿಡಿಬಿಡಿಯಾಗಿ ತಿಳಿದದ್ದು.

ಎದುರು ಮನೆಯ ಹುಚ್ಚಪ್ಪ ಓಣಿಯ ಭಜನಾ ಮೇಳದ ಹಿರಿಯ. ಇಪ್ಪತ್ತು ವರ್ಷಗಳಲ್ಲಿ ಆ ಓಣಿಯಲ್ಲಿ ಅವನ ವ್ಯವಸ್ಥೆಯಿಲ್ಲದೆ ಯಾರೂ ಸತ್ತಿರಲಿಲ್ಲ. ವಿಮಾನ ಕಟ್ಟಿಸುವುದು, ಹೂವು ತರಿಸುವುದು, ಊರೂರಿಗೆ ಸುದ್ದಿ ಮುಟ್ಟಿಸುವುದು ಎಲ್ಲವೂ ಅವನದೇ. ಸಾವಿನ ಮನೆಗೆ ತಾನು ಎರಡನೆಯವನಾಗಿ ಹೋಗಿಲ್ಲವೆಂಬುದು ಅವನ ಹೆಮ್ಮೆ. ಆ ಬೆಳಿಗ್ಗೆ ಅವನು ತನ್ನ ಟಾಕಿ ತೊಳೆಯಲು ಮೇಲೆ ಹತ್ತಿದ್ದ. ಚಷ್ಮಾ ಕೆಳಗಿತ್ತು. ತಲೆ ಎತ್ತಿ ನೋಡುತ್ತಾನೆ, ಎದುರು ಮಾಳಿಗೆಯಲ್ಲಿ ಮಹಾಂತಯ್ಯನವರು ಕೂತುಬಿಟ್ಟಿದ್ದಾರೆ.

"ಅಯ್ಯಾರ!" ಎಂದು ಕೂಗಿದ. ಉತ್ತರವಿಲ್ಲ. ಫೋನು ಮಾಡಿದ. ಸತ್ತವರ ಎದೆಯ ಮೇಲೆ ಫೋನು ಬಾರಿಸಿತು, ಬಾರಿಸಿ ನಿಂತಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಹುಚ್ಚಪ್ಪ ಯಾವ ಸಾವಿನಲ್ಲೂ ಕೇಳಿದವನಲ್ಲ.

ಇಳಿದು ಬಂದರೆ ಗೇಟಿಗೆ ಕೀಲಿ. ಮುರಿಗೆವ್ವನನ್ನು ಹುಡುಕುತ್ತ ಹೊರಟವನು ಗಿರಣಿಯ ಮುಂದೆ ನಿಂತ. ಒಳಗೆ ಗುಂಟೂರು ಮೆಣಸಿನಕಾಯಿ ಬೀಳುತ್ತಿತ್ತು. ಬಾಕಿನ ಮೇಲೆ ಮುರಿಗೆವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದಾಳೆ, ಕಣ್ಣಿಂದ ಧಾರಾಕಾರ ನೀರು. ಅವಳ ಎಡಬಲದಲ್ಲಿ ಓಣಿಯ ಏಳೆಂಟು ಹೆಣ್ಣುಮಕ್ಕಳು, ಅವರ ಕಣ್ಣಲ್ಲೂ ನೀರು. ಸುದ್ದಿ ಇಲ್ಲಿಗೆ ಆಗಲೇ ಮುಟ್ಟಿದೆ ಎಂದು ಹುಚ್ಚಪ್ಪನಿಗೆ ತುಸು ಬೇಸರವೂ ಆಯಿತು.

"ತಾಯಿ, ಮಾಳಿಗಿ ಮ್ಯಾಲಿಂದು ಎಲ್ಲಾ ನೋಡೇನಿ," ಎಂದ.

ಮುರಿಗೆವ್ವ ಸೀನಿದಳು. ಮಾತು ಹೊರಡಲಿಲ್ಲ. ಮಾಳಿಗೆಯ ಮೇಲೆ ಅವಳಿಗೆ ಗೊತ್ತಿದ್ದದ್ದು ಅಳಿಲಿನ ಉಪದ್ರವ ಒಂದೇ. ಹೌದು ಹೌದು ಎಂದು ತಲೆ ಆಡಿಸಿದಳು.

"ನೀವು ಇಲ್ಲೇ ಕುಂಡ್ರ್ರಿ. ಧೈರ್ಯಾ ಬಿಡಬ್ಯಾಡ್ರಿ. ಮನೀ ಕಡೆ ನಾ ನೋಡ್ಕೋತೇನಿ."

ಇಷ್ಟು ದಿನಕ್ಕೆ ಓಣಿಯಲ್ಲಿ ಒಬ್ಬರಾದರೂ ಅಳಿಲು ಕಾಯಲು ಮುಂದೆ ಬಂದರಲ್ಲ ಎಂದು ಮುರಿಗೆವ್ವ ಕೈ ಮುಗಿದಳು. ಗಿರಣಿಯಲ್ಲಿ ಪಾಳಿ ಉದ್ದವಿತ್ತು, ಅವಳು ಇನ್ನೂ ಎರಡು ತಾಸು ಅಲ್ಲಿಯೇ ಅತ್ತಳು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮಹಾಂತಯ್ಯನವರು ಜಾಳಿಗೆಯ ಸುರುಳಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಓಣಿಗೆ ತಿರುಗಿದರು. ತಮ್ಮ ಮನೆಯ ಮುಂದೆ ಶಾಮಿಯಾನ ಎದ್ದಿದೆ. ಬಿಳಿ ಟೊಪ್ಪಿಗೆಗಳು, ತಾಳ, ದಮ್ಮಡಿ. ನಡುರಸ್ತೆಯಲ್ಲಿ ಬಿದಿರಿನ ವಿಮಾನ ಅರ್ಧ ಕಟ್ಟಿ ನಿಂತಿದೆ. ಹುಚ್ಚಪ್ಪ ಓಡಿ ಬಂದು ಅವರ ಹೆಗಲ ಮೇಲಿನ ಸುರುಳಿಯನ್ನು ಮುಟ್ಟಿ ನೋಡಿದ. ಗಡಿಬಿಡಿಯಲ್ಲಿ ಅವನು ಚಷ್ಮಾ ಹಾಕಿಕೊಂಡೇ ಇರಲಿಲ್ಲ.

"ಜಾಳಿಗಿ ತಂದಿ? ಭೇಷ್. ವಿಮಾನಕ್ಕ ಸುತ್ತಿದರ ಹೂವು ಘಟ್ಟಿ ನಿಂದರ್ತಾವ. ಯಾರ ಆರ್ಡರು ತಮ್ಮಾ?"

"ಮಹಾಂತಯ್ಯಂದು," ಎಂದರು ಮಹಾಂತಯ್ಯನವರು, ಟವೆಲಿನೊಳಗಿಂದ.

ಹುಚ್ಚಪ್ಪನ ಕಣ್ಣು ತುಂಬಿತು. "ನೋಡ್ರಪಾ," ಎಂದು ನೆರೆದವರ ಕಡೆ ತಿರುಗಿದ, "ಎಂಥಾ ಮನಷ್ಯಾ! ತಮ್ಮ ವಿಮಾನಕ್ಕ ಬೇಕಾದ ಜಾಳಿಗೀನೂ ತಾವ ಹೇಳಿಟ್ಟು ಹೋಗ್ಯಾರ."

ಮಹಾಂತಯ್ಯನವರು ತಲೆ ಎತ್ತಿ ಮಾಳಿಗೆಯ ಕಡೆ ನೋಡಿದರು. ಬಿಸಿಲಿಗೆ ಬೆನ್ನು ಹಾಕಿ, ಹಾರ ಹಾಕಿಕೊಂಡು, ವಿಭೂತಿ ಧರಿಸಿ ತಾವೇ ಗಂಭೀರವಾಗಿ ಕೂತಿದ್ದಾರೆ. ಮೊದಲ ಗಳಿಗೆ ಅವರ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಎರಡನೆಯ ಗಳಿಗೆಗೆ ಸಂಗತಿ ತಿಳಿಯಿತು. ಮೂರನೆಯ ಗಳಿಗೆಗೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಹುಚ್ಚಪ್ಪ ಒಂದು ಬಿದಿರನ್ನು ಅವರ ಕೈಗೆ ಕೊಟ್ಟು "ಹಿಡಿ" ಎಂದ. ಮೂವತ್ತನಾಲ್ಕು ವರ್ಷ ಹೇಳಿದ್ದನ್ನು ಕೇಳಿದ ಕೈ ಅದು, ಹಿಡಿಯಿತು.

"ಮಾಳಿಗಿ ಮ್ಯಾಲ ಯಾಕ ಕುಂಡ್ರಿಸ್ಯಾರ್ರಿ?" ಎಂದು ಯಾರೋ ಕೇಳಿದರು.

"ಗಿಡದ ಸಮೀಪ ಇರಬೇಕಂತ ಕೊನೀ ಆಸೆ," ಎಂದ ಹುಚ್ಚಪ್ಪ. ಸಾವಿನ ಮನೆಯಲ್ಲಿ ಅವನು ಯಾವ ಪ್ರಶ್ನೆಗೂ ಉತ್ತರ ಇಲ್ಲವೆಂದವನಲ್ಲ. "ಮುರಿಗೆವ್ವ ತಾಯಿ ಬರೂತನಕ ಯಾರೂ ಮುಟ್ಟೂಹಂಗಿಲ್ಲ. ದರ್ಶನಾ ಬೇಕಂದ್ರ ನಮ್ಮ ಟಾಕಿ ಹತ್ರಿ."

ಇನ್ನು ಸುಮ್ಮನಿದ್ದರೆ ಆಗದೆಂದು ಮಹಾಂತಯ್ಯನವರು ಟವೆಲಿಗೆ ಕೈ ಹಾಕಿದರು. ಆಗಲೇ ಗುಂಪಿನ ನಡುವಿನಿಂದ ಒಂದು ದನಿ ಎದ್ದಿತು. ಬೀಗರದು! ಶಿವಯೋಗೀಶರು ಕೆಂಪಗಾದ ಕಣ್ಣಲ್ಲಿ ಎದ್ದು ನಿಂತಿದ್ದರು. ಸೊಸೆಗೆ "ನಿಮ್ಮಪ್ಪಗ ಸ್ವಲ್ಪ ಆರಾಮಿಲ್ಲಂತ, ನೋಡಿ ಬರ್ತೇನಿ" ಎಂದಷ್ಟೇ ಹೇಳಿ, ಹುಚ್ಚಪ್ಪನ ಸುದ್ದಿ ಮುಟ್ಟಿದ್ದೇ ಒಬ್ಬರೇ ಧಾವಿಸಿ ಬಂದಿದ್ದರಂತೆ.

"ನನಗ ಮಾತು ಬರೂದಿಲ್ರಿ," ಎಂದರು ಅವರು. "ಒಂದ ಮಾತು ಹೇಳ್ತೇನಿ. ನಾ ಎಷ್ಟ ವರ್ಷದಿಂದ ಮಂದಿಗೆ ಹಣ್ಣು ಕೊಡಾಕತ್ತೇನಿ. ನಮ್ಮಲ್ಲಿ ಗಿಡಾ ನೋಡಾಕ ಆಳು ಅದಾರ. ಇವರು ಮಾಳಿಗಿ ಮ್ಯಾಲ, ಡ್ರಮ್ಮಿನಾಗ, ತಾವ ನೀರ ಹಾಕಿ ಬೆಳದ ಹನ್ನೆರಡು ಹಣ್ಣನ್ನ ತಾವು ಒಂದೂ ಇಟಗೊಳ್ಳದ ನಮಗ ತಂದ ಕೊಟ್ರು. ಅಂಥಾ ಹಣ್ಣು ನಾ ತಿಂದಿಲ್ಲ. ನಾಳೆ ಬಂದು ಗಿಡಾ ನೋಡೋಣ ಅಂದಿದ್ದೆ."

ಮಹಾಂತಯ್ಯನವರ ಕೈ ಟವೆಲಿನ ಗಂಟಿನ ಮೇಲೆಯೇ ನಿಂತಿತು. ತಮ್ಮ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲ. ನಿವೃತ್ತಿಯ ದಿನದ ಸಭೆಯಲ್ಲಿ ಕೂಡ ಸಾಹೇಬರು ಅವರ ಹೆಸರನ್ನು ತಪ್ಪಾಗಿ ಹೇಳಿದ್ದರು. ಈಗ ಓಣಿಗೆ ಓಣಿಯೇ ಅಳುತ್ತಿದೆ, ಅದೂ ಅವರು ಮಾಡದ ಒಂದೇ ಒಂದು ಕೆಲಸಕ್ಕಾಗಿ. ಬದುಕಿದ್ದೇನೆ ಎನ್ನುವುದು ಸುಲಭವಿತ್ತು. ಆದರೆ ಬದುಕಿದ ಮರುಗಳಿಗೆಯೇ ಬೀಗರು ಗಿಡ ನೋಡಲು ಮೇಲೆ ಹತ್ತುತ್ತಾರಲ್ಲ!

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಇಳಿದವನು ಮಾರ್ಕೆಟಿನ ಹಣ್ಣಿನ ಅಂಗಡಿಯ ಅಹಮದಸಾಬ, ಮಹಾಂತಯ್ಯನವರಿಗೆ ಮೂವತ್ತು ವರ್ಷದ ಪರಿಚಯ. ಕೈಯಲ್ಲಿ ಹೂವಿನ ಹಾರ.

"ಯಾ ಅಲ್ಲಾ, ಎಂಥಾ ಗಿರಾಕಿ ಹೋದ್ರು!" ಎಂದು ಅವನು ಎದೆ ಹಿಡಿದುಕೊಂಡ. "ಹೋದ ತಿಂಗಳ ಬಂದಿದ್ರು. ಒಂದು ಡಜನ್ ದಾಳಿಂಬ್ರಿ ತಗೊಂಡ್ರು. ಚೌಕಾಶಿ ಇಲ್ಲ, ಒತ್ತಿ ನೋಡೂದಿಲ್ಲ. ಒಂದ ಮಾತು ಅಂದ್ರು: 'ಅಹಮದಸಾಬ, ಹಣ್ಣಿನ ಮ್ಯಾಲಿನ ಚೀಟಿ ಎಲ್ಲಾ ಕಿತ್ತ ಕೊಡ್ರಿ, ಬೀಗರ ಮನಿಗೆ ಒಯ್ಯೂದೈತಿ.' ನೋಡ್ರಿ, ಬೀಗರ ಮ್ಯಾಲ ಎಷ್ಟು ಮರ್ಯಾದಿ! ಹನ್ನೆರಡೂ ಚೀಟಿ ಈ ಉಗರಲೇ ಕಿತ್ತೇನಿ."

ತಾಳ ನಿಂತಿತು. ದಮ್ಮಡಿ ನಿಂತಿತು. ಎಲ್ಲರೂ ಅಹಮದಸಾಬನ ಉಗುರನ್ನು ನೋಡಿದರು, ಆಮೇಲೆ ಶಿವಯೋಗೀಶರನ್ನು ನೋಡಿದರು.

"ಇಲ್ಲರಿ," ಎಂದರು ಶಿವಯೋಗೀಶರು ನಿಧಾನವಾಗಿ. "ಅವು ಮಾಳಿಗಿ ಮ್ಯಾಲಿನಾವು."

"ನಮ್ಮ ಅಂಗಡೀವ್ರಿ ಸಾಹೇಬ್ರ."

"ಸತ್ತವರ ಮ್ಯಾಲ ಸುಳ್ಳು ಹೇಳಬಾರದ್ರಿ."

"ಸುಳ್ಳು ಹೇಳಾಕ ಆಟೋ ಮಾಡಿಕೊಂಡು ಬರ್ತೇನೇನ್ರಿ?" ಅಹಮದಸಾಬನಿಗೆ ನಿಜಕ್ಕೂ ನೋವಾಗಿತ್ತು. ಹುಚ್ಚಪ್ಪ, ಹಿರಿಯರ ಮುಂದೆ ದನಿ ಏರಿಸಬೇಡ ಎಂದು ಅವನನ್ನು ಬದಿಗೆ ಸರಿಸಲು ನೋಡಿದ. ಬಡಪಾಯಿ ಅಹಮದಸಾಬ ಬೇರೆ ದಾರಿ ಕಾಣದೆ ಮಾಳಿಗೆಯ ಕಡೆ ಎರಡೂ ಕೈ ಎತ್ತಿದ. "ಅಯ್ಯಾರ, ನೀವ ಹೇಳ್ರಿ! ನನ್ನ ಅಂಗಡೀವು ಹೌದೋ ಅಲ್ಲೋ?"

ಮಾಳಿಗೆಯ ಮೇಲೆ ಮಹಾಂತಯ್ಯನವರ ತಲೆ ಮೆಲ್ಲಗೆ ಮುಂದಕ್ಕೆ ಬಾಗಿತು. ಎದ್ದಿತು. ಇನ್ನೊಮ್ಮೆ ಬಾಗಿತು.

ಶಾಮಿಯಾನದ ಎರಡು ಕಂಬಗಳು ಆ ಗಳಿಗೆಯಲ್ಲಿಯೇ ಬಿದ್ದವು. ಭಜನಾ ಮೇಳ ತಾಳಗಳನ್ನು ರಸ್ತೆಯ ಮೇಲೆ ಬಿಟ್ಟು ಚದರಿತು. ಇಪ್ಪತ್ತು ವರ್ಷದ ಅನುಭವಿ ಹುಚ್ಚಪ್ಪ ವಿಮಾನದೊಳಗೆ ಹೋಗಿ ಕೂತ. ನಿಂತಲ್ಲಿಯೇ ನಿಂತವರು ಮೂವರೇ: ಶಿವಯೋಗೀಶರು, ಅಹಮದಸಾಬ, ಬಿದಿರು ಹಿಡಿದ ಟವೆಲಿನ ಮನುಷ್ಯ. ಮೇಲೆ ಸತ್ತವರ ಕಿವಿಯ ಹಿಂದಿನಿಂದ ಒಂದು ಅಳಿಲು ಹೊರಬಂದು, ಬಾಯಿ ತುಂಬ ಹತ್ತಿ ಕಚ್ಚಿಕೊಂಡು, ಟಾಕಿಯ ಹಿಂದೆ ಮರೆಯಾಯಿತು.

ಅಹಮದಸಾಬ ತಲೆ ತಗ್ಗಿಸಿ ನಿಂತಿದ್ದ. ಹಾರ ಇನ್ನೂ ಅವನ ಕೈಯಲ್ಲಿಯೇ ಇತ್ತು. ಪ್ರೀತಿಯಿಂದ ಬಂದ ಮನುಷ್ಯನನ್ನು ತಮ್ಮ ಸಾವಿನ ದಿನವೇ ಸುಳ್ಳುಗಾರನನ್ನಾಗಿ ಮಾಡಿ ಕಳಿಸುವುದು ಮಹಾಂತಯ್ಯನವರಿಂದ ಆಗಲಿಲ್ಲ. ಟವೆಲು ಬಿಚ್ಚಿದರು.

"ತಲಿ ಅಲ್ಲಾಡಿಸಿದ್ದು ಅಳಿಲು," ಎಂದರು. "ಆದ್ರ ಮಾತು ಖರೇ ಐತಿ. ಹಣ್ಣು ಅಹಮದಸಾಬನ ಅಂಗಡೀವು."

ಆಗ ಓಣಿಯ ಆ ತುದಿಯಿಂದ ಮುರಿಗೆವ್ವ ಖಾರದ ಡಬ್ಬಿ ಹೊತ್ತುಕೊಂಡು ಬಂದಳು. ಬಿದ್ದ ಶಾಮಿಯಾನ, ವಿಮಾನದಲ್ಲಿ ಹುಚ್ಚಪ್ಪ, ಕೆಳಗೊಬ್ಬ ಗಂಡ, ಮಾಳಿಗೆಯಲ್ಲೊಬ್ಬ ಗಂಡ, ಎಲ್ಲವನ್ನೂ ಒಮ್ಮೆ ನೋಡಿದಳು. ಸಂಗತಿಯನ್ನು ಯಾರೋ ಎರಡು ಮಾತಿನಲ್ಲಿ ಹೇಳಿದರು.

"ಎರಡು ತಾಸು ಬಿಟ್ಟು ಹೋಗೂಹಂಗಿಲ್ಲ ನೋಡ್ರಿ ಇವರನ್ನ," ಎಂದಳು ಅವಳು ಬೀಗರ ಕಡೆ ತಿರುಗಿ. "ಹೋಗಿ ಬರೂದರಾಗ ಸತ್ತ ಕುಂಡ್ರತಾರ. ಒಳಗ ಬರ್ರಿ, ಚಹಾ ಮಾಡ್ತೇನಿ."

ಶಿವಯೋಗೀಶರು ಒಳಗೆ ಹೋಗಲಿಲ್ಲ. ಕೀಲಿ ತೆಗೆದದ್ದೇ ಸೀದಾ ಮೆಟ್ಟಿಲು ಹತ್ತಿದರು. ಹಿಂದೆ ಮಹಾಂತಯ್ಯನವರು, ಅವರ ಹಿಂದೆ ಅಹಮದಸಾಬ, ಅವನ ಹಿಂದೆ ಧೈರ್ಯ ತಂದುಕೊಂಡ ಹುಚ್ಚಪ್ಪ. ಅವನು ಹತ್ತುತ್ತ, ವಿಮಾನವನ್ನು ಬಿಚ್ಚಿಸುವುದಿಲ್ಲ, ಅಯ್ಯಾರ ಹೆಸರಿನಲ್ಲಿಯೇ ತೆಗೆದಿಡುತ್ತೇನೆ ಎಂದು ಭರವಸೆ ಕೊಟ್ಟ.

ಡ್ರಮ್ಮಿನ ಗಿಡದಲ್ಲಿ ಒಂದೇ ಕಾಯಿ ಇತ್ತು. ಅಳಿಲು ಬೆಳಗಿನಿಂದ ಬೊಂಬೆಯ ಹತ್ತಿಯನ್ನು ತನ್ನ ಗೂಡಿಗೆ ಸಾಗಿಸುವುದರಲ್ಲಿ ಮುಳುಗಿದ್ದರಿಂದ ಅದಕ್ಕೆ ಬಾಯಿ ಹಾಕಿರಲಿಲ್ಲ. ಶಿವಯೋಗೀಶರು ಕುಬಸದ ತುಂಡನ್ನು ಬಿಚ್ಚಿದರು, ಕಾಯಿಯನ್ನು ಹರಿದರು, ಎರಡು ಹೋಳು ಮಾಡಿದರು. ಒಳಗೆ ಬೆಳ್ಳನೆಯ ಕಾಳು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಅವರ ಎಡಗಣ್ಣು ಮುಚ್ಚಿತು. ಬಹಳ ಹೊತ್ತು ತೆರೆಯಲಿಲ್ಲ.

"ಬೀಗರ," ಎಂದರು ಕೊನೆಗೆ, "ಇದು ಮಾತ್ರ ಮನೀದ. ಖಾತ್ರಿ ಆತು."

"ಹ್ಯಾಂಗ ಗೊತ್ತಾತ್ರಿ?" ಎಂದರು ಮಹಾಂತಯ್ಯನವರು.

"ಇಂಥಾದ್ದನ್ನ ಯಾವ ಅಂಗಡಿಯವನೂ ಇಡೂದಿಲ್ಲ."

"ಖರೇ," ಎಂದ ಅಹಮದಸಾಬ.

ಶಿವಯೋಗೀಶರು ಕರವಸ್ತ್ರ ತೆಗೆದು ಇನ್ನೊಂದು ಹೋಳನ್ನು ಅದರಲ್ಲಿ ಜೋಪಾನವಾಗಿ ಕಟ್ಟಿ ಜೇಬಿಗೆ ಇಳಿಸಿದರು. "ಸೊಸಿಗೆ ಒಯ್ತೇನಿ. ನಿಮ್ಮಪ್ಪ ಬೆಳದದ್ದು ಅಂತ ಹೇಳಿ ಕೊಡ್ತೇನಿ."

ಮಹಾಂತಯ್ಯನವರ ಕಣ್ಣಲ್ಲಿ ನೀರು ಬಂತು. ಕೆಳಗೆ ಮುರಿಗೆವ್ವ ಖಾರದ ಡಬ್ಬಿ ತೆರೆದಿರಬೇಕು ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ಬೀಗರ ಕೈಯಲ್ಲಿ ಉಳಿದಿದ್ದ ಹೋಳನ್ನು ಇಸಿದುಕೊಂಡು, ಹೋಗಲಿ ಪಾಪ ಎಂದು ಅಳಿಲಿಗಾಗಿ ಗೋಡೆಯ ಮೇಲೆ ಇಟ್ಟರು. ಅಳಿಲು ಬಂತು, ಮೂಸಿತು, ಮಹಾಂತಯ್ಯನವರ ಮುಖವನ್ನೊಮ್ಮೆ ನೋಡಿತು, ಆಮೇಲೆ ಹತ್ತಿ ತರಲು ಬೊಂಬೆಯ ಕಡೆಗೆ ಹೋಯಿತು.